ಗುರುತಿನ ಸುಣ್ಣ

ನಾಳೆ ತಸ್ಲೀಮಾಗೆ ಪರೀಕ್ಷೆ.
ನರ್ಸಿಂಗ್ ಕಾಲೇಜಿನ ಅಸ್ಥಿಪಂಜರಕ್ಕೆ ಬೀಗ ಬಿದ್ದೈತಂತ,
ಅದಕ್ಕ ನನ್ನ ಕೂಡಿಸ್ಯಾಳ ಚಾಪಿ ಮ್ಯಾಲೆ,
ಬೆನ್ನು ಅಕಿ ಕಡೆ, ಮುಖ ಗ್ವಾಡಿ ಕಡೆ.
ಅಕಿ ಕೈಯಾಗ ನನ್ನ ಹೊಲಿಗಿ ಡಬ್ಬಿಯ ಸುಣ್ಣದ ಬಿಲ್ಲೆ,
ಜೀನ್ಸ್ ಕತ್ತರಿಸೋ ಮೊದಲು ಗೆರಿ ಎಳಿತೀವಲ್ಲ, ಅದು.

ಹೆಗಲ ಹಿಂದ ಒಂದು ತ್ರಿಕೋನ ಎಳದ್ಲು.
ಸ್ಕ್ಯಾಪುಲಾ, ಅಂದ್ಲು.
ನಮ್ಮನಿಯಾಗ ಅದು ಹಡ್ಡಿ, ಕೌಲ್ ಬಜಾರದಾಗ ಎಲುಬು,
ಅಕಿ ಬುಕ್ಕಿನಾಗ ಒಂದೊಂದಕ್ಕೂ ಒಂದೊಂದು ಹೆಸರು,
ಅಕೀಖಾ ಮಾಡಿ ಇಟ್ಟಂಗ.

ನಡು ಬೆನ್ನಿನಾಗ ಇಳಿದಿಳಿದು ಬರ್ತಾಳ,
ಏಳು, ಹನ್ನೆರಡು, ಐದು,
ಜಿಪ್ಪಿನ ಹಲ್ಲು ಎಣಿಸಿದಂಗ.
ಕಚಗುಳಿ. ನಗಬಾರದಂತ ನಾನು,
ನಕ್ಕರ ಪಕ್ಕೆಲುಬು ಅಲುಗಿ ಲೆಕ್ಕ ತಪ್ಪತೈತಂತ.

ಮ್ಯಾಲಿನ ಚರ್ಮ ದಿನಾ ಉದುರತೈತಿ,
ತಿಂಗಳಿಗೊಮ್ಮೆ ಪೂರಾ ಹೊಸದು, ಅಂತ ಓದಿದ್ಲು.
ಹಂಗಾರ ಈ ನೀಲಿ ಯಾಕ ಹೋಗವಲ್ದು, ಕೇಳಿದೆ,
ಇಪ್ಪತ್ತು ವರ್ಷದಿಂದ ಬೆರಳ ಗೆರಿಯಾಗ, ಉಗುರ ಸಂದಿಯಾಗ?
ಹಾಳಿ ತಿರುವಿದ್ಲು. ಹಿಂದಕ್ಕ ತಿರುವಿದ್ಲು.
"ಅದು ಹೋಗತೈತಿ ಅಮ್ಮೀ,
ನೀನು ದಿನಾ ಹೊಸದು ಹಚಗೊಂತಿ."

ಮೊಣಕೈ ಅಂದ್ರ ಕದದ ತಿರುಗಣಿ, ಒಂದೇ ಕಡೆ ಮಡಚತೈತಿ.
ತೊಡಿ ಸಂದು ಬಟ್ಟಲಾಗ ಇಟ್ಟ ಗುಂಡು.
ಹೆಬ್ಬೆರಳ ಬುಡಕ್ಕ ಜೀನು ಕೀಲಂತ.
ಪ್ಯಾಂಟಲ್ಲ, ಕುದುರಿ ಮ್ಯಾಲಿನ ಜೀನು.
ಅದರ ಮ್ಯಾಲೆ ಕುಂತು ಹೆಬ್ಬೆರಳು ಹೆಂಗ ಬೇಕಂದ್ರ ಹಂಗ ಹೊಳ್ಳತೈತಿ,
ಅದಕ್ಕ ಮನುಷ್ಯನ ಕೈಗೆ ಸೂಜಿ ಹಿಡಿಯಾಕ ಬರತೈತಿ.
ಇಷ್ಟು ದಿನ ನನ್ನ ಕೈಯಾಗ ಕುದುರಿ ಇತ್ತು,
ನನಗ ಯಾರೂ ಹೇಳಿದ್ದಿಲ್ಲ.

ಮುಂದ ಬಂದು ಕುಂತ್ಲು.
ಕೊರಳ ಕೆಳಗಿನ ಎಲುಬಿನ ಮ್ಯಾಲೆ ಬೆರಳು ಜಾರಿಸ್ತಾ ಜಾರಿಸ್ತಾ
ನಿಂತಳು.
"ಇಲ್ಲೊಂದು ಗಂಟೈತಿ. ಚಿತ್ರದಾಗ ಇಲ್ಲ."

ನೀನು ಏಳು ತಿಂಗಳು ಆಗ, ಹೊಟ್ಟಿಯಾಗ.
ನಲವತ್ತು ಪ್ಯಾಂಟಿನ ಬಂಡಲ್ ತಲಿ ಮ್ಯಾಲೆ,
ಯೂನಿಟ್ಟಿನ ಮೆಟ್ಟಲಾಗ ನೀರು.
ಹೊಟ್ಟಿ ನೆಲಕ್ಕ ತಾಗಬಾರದಂತ ಮಗ್ಗಲಾದೆ,
ಹೆಗಲು ಮೊದಲು ಬಿತ್ತು.
ಹೊನ್ನೂರಸಾಬ ಬಂದು ತತ್ತಿ ಬಿಳಿ ಹಚ್ಚಿ ಅರಿವಿ ಬಿಗಿದ.
ಆರು ವಾರ ಬಲಗೈ ಒಂದರಾಗ ದಾರ ಕತ್ತರಿಸಿದೆ.
ಹಬ್ಬದ ಸೀಜನ್ನು, ಯಾರು ಕುಂದ್ರಸ್ತಾರ?

ತಸ್ಲೀಮಾ ಏನೂ ಅನಲಿಲ್ಲ.
ಬಾಳ ಹೊತ್ತಾದ ಮ್ಯಾಲೆ, ಬುಕ್ಕಿನ ದನಿಯಾಗ:
"ಮುರಿದ ಕಡೆ ಎಲುಬು ಜಾಸ್ತಿ ಬೆಳಕೊಂತೈತಿ."
ಹೂಂ, ಗೊತ್ತು. ಕಿಸೆ ಮೂಲಿ ಹರೀಬಾರದಂತ
ಬಾರ್‌ಟ್ಯಾಕ್ ಹೊಡಿತೀವಲ್ಲ, ಹಂಗ.

ಕರೆಂಟು ಹೋತು.
ಫ್ಯಾನು ಸುತ್ತಿ ಸುತ್ತಿ ಸತ್ತು ನಿಂತಿತು.
ಕತ್ತಲಾಗ ಅಕಿ ಬೆರಳು ಎರಡು ನನ್ನ ಗಂಟಲಿಗೆ ಬಂದವು,
ಗದ್ದದ ಕೆಳಗ, ಮೆಲ್ಲಕ.
"ಇದೊಂದು ಯಾವ ಎಲುಬಿಗೂ ಕೂಡಿಲ್ಲ ಅಮ್ಮೀ.
ಸುತ್ತಲಿನ ಸ್ನಾಯು ಹಿಡಕೊಂಡಾವ, ಅಷ್ಟ.
ನುಂಗು."
ನುಂಗಿದೆ. ಸಡಿಲಾದ ಗುಂಡಿ ಏರಿತು, ಇಳೀತು.
"ಈಗ ಏನರ ಮಾತಾಡು."
ಏನು ಮಾತಾಡಲಿ, ಅಂದೆ.
ಅಷ್ಟು ಸಾಕಾತು ಅಕಿಗೆ.

ಇನ್ನೂರ ಆರು ಅಂತಿದ್ಲು ಒಟ್ಟು.
ಪಾದದ ಹತ್ರ ಎಲ್ಲೋ ನನಗ ನಿದ್ದಿ ಹತ್ತಿತು.

ಬೆಳಿಗ್ಗೆ ನಳದ ಕೆಳಗ ತೊಳಕೊಂಡೆ.
ಬಿಳಿ ನೀರು ಹೋಗಿ ಮೋರಿಯ ನೀಲಿ ನೀರಿಗೆ ಕೂಡಿತು.
ಎಲುಬಿನಾಗೂ ಸುಣ್ಣಾನೇ ಇರೋದಂತ.
ಕೈ ಎಟುಕದ ಜಾಗದಾಗ ಒಂದೀಟು ಉಳದಿರಬೇಕು,
ಮಷಿನ್ ಮ್ಯಾಲೆ ಬಗ್ಗಿದಾಗೆಲ್ಲ ಕುಪ್ಪಸಕ್ಕ ತಿಕ್ಕತಿತ್ತು.

ಹತ್ತು ಗಂಟಿ.
ಈಗ ಪೇಪರು ಕೈಗೆ ಕೊಟ್ಟಿರ್ತಾರ.